ದುರುಗಮ್ಮ ಮುಟ್ಟಿದ ಸೀಸದ ಏಪ್ರನ್

ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಾಕ್ಟರ್ ಗುರುಸಂಗಪ್ಪನವರ ದವಾಖಾನೆಗೆ ಎಕ್ಸ್‌ರೇ ಯಂತ್ರ ಬಂದದ್ದು ಎಪ್ಪತ್ತಮೂರರಲ್ಲಿ. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಸಾಕಾಗಿ ಮಾರಿದ್ದ ಯಂತ್ರ. ಅದನ್ನು ಲಾರಿಯಿಂದ ಇಳಿಸಿದ ವಾರದಲ್ಲೇ ದುರುಗಮ್ಮನೂ ಅಲ್ಲಿ ಕೆಲಸಕ್ಕೆ ಸೇರಿದಳು. ಯಂತ್ರಕ್ಕೆ ಹಾರ ಹಾಕಿ, ಮೂರು ಬೆರಳಿನ ವಿಭೂತಿ ಎಳೆದು ಮುಂಬಾಗಿಲಿನಿಂದ ಒಳಗೆ ಕರೆದುಕೊಂಡರು. ದುರುಗಮ್ಮನಿಗೆ ಹಿತ್ತಲ ಬಾಗಿಲು ತೋರಿಸಿದರು.

ಆಕೆ ಹಲವಾಗಲಿನವಳು. ಊರವರು ಮುಟ್ಟಿಸಿಕೊಳ್ಳದ ಕೇರಿಯಲ್ಲಿ ಹುಟ್ಟಿದವಳು. ಗಂಡ ಜೋಗಪ್ಪ ಹೊಳೆಯಲ್ಲಿ ಉಸುಕು ಎತ್ತುವಾಗ ದಂಡೆ ಕುಸಿದು ಸತ್ತ. ಆರು ವರ್ಷದ ಮಗಳು ಕನಕಮ್ಮನನ್ನು ಕಟ್ಟಿಕೊಂಡು ಹರಪನಹಳ್ಳಿಗೆ, ಅಕ್ಕನ ಮನೆಗೆ ಬಂದಳು. ಎತ್ತರದ ಆಳು, ಗಟ್ಟಿ ರಟ್ಟೆ, ಜೋರು ಬಾಯಿ. ವಾಂತಿ, ಕೀವು, ರಕ್ತ ಯಾವುದಕ್ಕೂ ಮುಖ ತಿರುಗಿಸುವವಳಲ್ಲ. ಅಂಥವಳೇ ಬೇಕಿತ್ತು ಆ ದವಾಖಾನೆಗೆ.

ಕಸ ಹೊಡೆಯುವುದು, ನೆಲ ಒರೆಸುವುದು ಎಂದು ಹೇಳಿ ಕರೆದುಕೊಂಡಿದ್ದರು. ತಿಂಗಳೊಳಗೆ ಇನ್ನೊಂದು ಕೆಲಸ ತಾನಾಗಿಯೇ ಆಕೆಯ ಕೊರಳಿಗೆ ಬಿತ್ತು. ಎಕ್ಸ್‌ರೇ ತೆಗೆಯುವಾಗ ರೋಗಿ ಅಲ್ಲಾಡಬಾರದು. ದೊಡ್ಡವರು ಉಸಿರು ಬಿಗಿಹಿಡಿದು ಮಲಗುತ್ತಾರೆ, ಮಕ್ಕಳು ಮಲಗುತ್ತವೆಯೇ? ಕೈ ಮುರಿದುಕೊಂಡು ಬಂದ ಕೂಸು ಆ ಕತ್ತಲೆ ಕೋಣೆ, ಆ ಕಪ್ಪು ಕಬ್ಬಿಣದ ಮೂತಿ ನೋಡಿದರೆ ಸಾಕು, ಕಿಟಾರನೆ ಕಿರುಚಿ ಒದ್ದಾಡುತ್ತಿತ್ತು. ಆಗ ಕಂಪೌಂಡರ್ ಏಕಾಂತಪ್ಪ ಕೂಗುತ್ತಿದ್ದ.

"ಲೇ ದುರುಗೀ, ಬಾ ಇಲ್ಲಿ. ಹಿಡಿ ಇದನ್ನ."

ದುರುಗಮ್ಮ ಬಂದು ಕೂಸಿನ ಕೈಯನ್ನೋ ಕಾಲನ್ನೋ ಫಿಲ್ಮಿನ ಪೆಟ್ಟಿಗೆಯ ಮೇಲೆ ಒತ್ತಿ ಹಿಡಿಯುತ್ತಿದ್ದಳು. ಏಕಾಂತಪ್ಪ ಇಟ್ಟಿಗೆಯ ಗೋಡೆಯ ಹಿಂದೆ ಹೋಗಿ ನಿಂತು ಗುಂಡಿ ಒತ್ತುತ್ತಿದ್ದ. ಟಕ್ ಎಂಬ ಸದ್ದು, ಅಷ್ಟೇ. ಬಿಸಿಯಿಲ್ಲ, ಬೆಳಕಿಲ್ಲ, ವಾಸನೆಯಿಲ್ಲ. ಕೂಗುವ ಕೂಸನ್ನು ಅವ್ವನ ಕೈಗೆ ಕೊಟ್ಟು ದುರುಗಮ್ಮ ಮತ್ತೆ ಪೊರಕೆ ಹಿಡಿಯುತ್ತಿದ್ದಳು. ಆ ಅವ್ವಂದಿರು ಹೋಗುವಾಗ ಅಂಗಳದ ನಲ್ಲಿಯ ಹತ್ತಿರ ನಿಂತು ಕೂಸಿನ ಮೇಲೆ ನೀರು ಚಿಮುಕಿಸಿಕೊಂಡು ಹೋಗುತ್ತಿದ್ದರು. ಕೂಸಿಗೆ ಹೊಲಸೇನಾದರೂ ತಾಗಿತ್ತೇನೋ ಎಂಬಂತೆ! ದುರುಗಮ್ಮ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಹೊಟ್ಟೆಪಾಡಿಗೆ ನಿಂತವಳು ಎಷ್ಟಕ್ಕೆಂದು ಸಿಟ್ಟು ಮಾಡಿಕೊಂಡಾಳು?

ದವಾಖಾನೆಯಲ್ಲಿ ಒಂದು ಏಪ್ರನ್ ಇತ್ತು. ದಪ್ಪ ರಬ್ಬರಿನದು, ಒಳಗೆ ಸೀಸ ಬೆರೆಸಿದ್ದು, ಐದಾರು ಕೆ.ಜಿ. ತೂಕ. ಡಾಕ್ಟರು ಎಕ್ಸ್‌ರೇ ಹಾಯಿಸಿ, ಹೊಳೆಯುವ ಪರದೆಯ ಮುಂದೆ ನಿಂತು ರೋಗಿಯ ಎದೆ ನೋಡುವಾಗ ಅದನ್ನು ತೊಟ್ಟುಕೊಳ್ಳುತ್ತಿದ್ದರು. ಅವರಿಲ್ಲದಾಗ ಏಕಾಂತಪ್ಪ ತೊಟ್ಟು ಮೆರೆಯುತ್ತಿದ್ದ. ಉಳಿದ ಹೊತ್ತು ಅದು ಡಾಕ್ಟರ ಕುರ್ಚಿಯ ಹಿಂದಿನ ಗೂಟದಲ್ಲಿ. ಮಹಾನವಮಿಗೆ ಯಂತ್ರದ ಜೊತೆ ಅದಕ್ಕೂ ವಿಭೂತಿ, ಅದಕ್ಕೂ ಚೆಂಡುಹೂವು. ಆವತ್ತು ದುರುಗಮ್ಮ ಹಿತ್ತಲಲ್ಲಿ ನಿಂತಿರುತ್ತಿದ್ದಳು. ಪೂಜೆ ಮುಗಿದ ಮೇಲೆ ಏಕಾಂತಪ್ಪ ಬಂದು ಆಕೆಯ ಸೆರಗಿಗೆ ಮೇಲಿನಿಂದ ಮಂಡಕ್ಕಿ ಸುರಿಯುತ್ತಿದ್ದ.

"ನನಗೂ ಅಂಥಾದ್ದೊಂದು ಬ್ಯಾಡೇನ್ರಿ?" ಎಂದು ಒಮ್ಮೆ ಕೇಳಿದ್ದಳು.

"ನಿನಗ ಭಾರ ಆಕ್ಕೈತಿ ಬಿಡು" ಎಂದಿದ್ದರು ಡಾಕ್ಟರು. ನೀರಿನ ಎರಡು ಕೊಡ ಏರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದವಳಿಗೆ ಹೇಳಿದ ಮಾತು ಅದು. ಇನ್ನೊಮ್ಮೆ ಕೇಳಿದಾಗ, "ಬರೋ ವರ್ಷ ತರಿಸೋಣು" ಎಂದರು. ಆ ಬರುವ ವರ್ಷ ಹತ್ತು ವರ್ಷವಾದರೂ ಬರಲಿಲ್ಲ.

ಎಂಬತ್ತೊಂದರ ಹೊತ್ತಿಗೆ ದುರುಗಮ್ಮನ ಕೈ ಕೆಡತೊಡಗಿತು. ಮೊದಲು ಬೆರಳಿನ ತುದಿಯ ಗೆರೆಗಳು ಸವೆದು ನುಣ್ಣಗಾದವು. ಉಗುರು ಉದ್ದುದ್ದ ಸೀಳಿತು. ಆಮೇಲೆ ಚರ್ಮ ಒಣಗಿ ಬಿರುಕು ಬಿಟ್ಟು, ನರೂಲಿಯಂಥ ಗಂಟು ಎದ್ದು, ಬಲಗೈಯ ತೋರುಬೆರಳಿನಲ್ಲಿ ಒಂದು ಹುಣ್ಣಾಯಿತು. ಏನು ಹಚ್ಚಿದರೂ ಅದು ಮಾಯಲಿಲ್ಲ. ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ಕೆಲಸವನ್ನೂ ಅಷ್ಟರಲ್ಲಿ ಏಕಾಂತಪ್ಪ ಆಕೆಯ ತಲೆಗೇ ಕಟ್ಟಿದ್ದ. ಹಾಗಾಗಿ ಡಾಕ್ಟರು ಬೆರಳನ್ನು ದೂರದಿಂದಲೇ ನೋಡಿ, "ಫಿಲ್ಮ್ ತೊಳಿಯೋ ಔಷಧದ ನೀರಿಂದು ಇದು, ಕೊಬ್ರಿ ಎಣ್ಣಿ ಹಚ್ಚು" ಎಂದರು. ದುರುಗಮ್ಮ ನಂಬಿದಳು. ಒಂದು ವರ್ಷ ಚಿಮಟದಿಂದಲೇ ಫಿಲ್ಮು ಹಿಡಿದಳು, ಔಷಧದ ನೀರಿಗೆ ಬೆರಳು ಅದ್ದಲಿಲ್ಲ. ಹುಣ್ಣು ಮಾತ್ರ ಇದ್ದಲ್ಲೇ ಇತ್ತು, ಪಕ್ಕದ ಬೆರಳಿನಲ್ಲಿ ಇನ್ನೊಂದಾಯಿತು.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಡಾಕ್ಟರು ಆಕೆಯನ್ನು ಕರೆದರು.

"ದುರುಗಮ್ಮ, ನಿನ್ನ ಕೈ ನೋಡಿ ಪೇಶೆಂಟ್ ಮಂದಿ ಹೇಸಿಗಿ ಪಡ್ತಾರ. ನೀ ಹೊರಗಿನ ಕಸ ಅಷ್ಟ ನೋಡ್ಕ. ಒಳಗ ಹಿಡ್ಯಾಕ ನಿನ್ನ ಮಗಳು ಬರ್ಲಿ."

ಹನ್ನೊಂದು ವರ್ಷ ಅವರ ಕೋಣೆಯಲ್ಲೇ ಹಾಳಾದ ಕೈ. ಅದನ್ನು ನೋಡಿ ಅವರಿಗೇ ಹೇಸಿಗೆ! ದುರುಗಮ್ಮನಿಗೆ ಮೈ ಉರಿದುಹೋಯಿತು. ಆದರೂ ಮನೆಗೆ ಬಂದು ಮಗಳಿಗೆ ಹೇಳಿದಳು.

ಕನಕಮ್ಮನಿಗೆ ಆಗ ಹದಿನೇಳು. ಹಿಂದಿನ ವರ್ಷ ಮದುವೆಯಾಗಿತ್ತು, ಈಗ ನಾಲ್ಕು ತಿಂಗಳ ಬಸುರಿ. ಗಂಡನ ಜೊತೆ ಕಲ್ಲು ಒಡೆಯುವ ಕ್ವಾರಿಗೆ ಹೋಗುತ್ತಿದ್ದಳು. ನೆರಳಿನಲ್ಲಿ, ಫ್ಯಾನಿನ ಕೆಳಗೆ ನಿಲ್ಲುವ ಕೆಲಸವೆಂದರೆ ಆಕೆಗೆ ಸ್ವರ್ಗಕ್ಕೆ ಮೂರೇ ಗೇಣು.

"ನಾ ಹೋಗ್ತೀನಬೇ" ಎಂದಳು ತಟ್ಟನೆ. "ಕೂಸು ಹಿಡಕಂಡು ನಿಂದ್ರೋದು ಒಂದ್ ಕೆಲ್ಸೇನು? ನಿನ್ನ ಕೈ ಕೆಟ್ಟಿದ್ದು ಔಷಧದ ನೀರಿಂದ. ನಾ ಅದನ್ನ ಮುಟ್ಟಂಗೇ ಇಲ್ಲ."

ದುರುಗಮ್ಮನಿಗೆ ಬೇಡ ಎನ್ನಬೇಕೆನಿಸಿತು. ಯಾಕೆ ಬೇಡ ಎಂದು ಹೇಳಲು ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಹದಿನೈದು ದಿನಕ್ಕೆ, ಬಂಗಾರಪ್ಪನಿಂದ. ಬಂಗಾರಪ್ಪ ಹುಬ್ಬಳ್ಳಿಯಿಂದ ವರ್ಷಕ್ಕೊಮ್ಮೆ ಯಂತ್ರ ರಿಪೇರಿಗೆ ಬರುವ ಮೆಕ್ಯಾನಿಕ್, ಯಾರ ಕೈಯ ಚಹಾಕ್ಕೂ ಒಲ್ಲೆ ಎನ್ನದವನು. ಯಂತ್ರದ ಮೂತಿ ಬಿಚ್ಚಿಕೊಂಡು ಕೂತಿದ್ದವನಿಗೆ ಚಹಾ ತಂದ ದುರುಗಮ್ಮನ ಬೆರಳು ಕಂಡಿತು. ಬೀಡಿ ಬಾಯಲ್ಲೇ ಉಳಿಯಿತು.

"ಏನಬೇ ಇದು? ನೀ ಏನು ಕೆಲ್ಸ ಮಾಡ್ತಿ?"

"ಕೂಸು ಹಿಡಿತೀನಿ."

"ಬರೀ ಕೈಯಾಗ? ಏಪ್ರನ್ ಇಲ್ದ? ದಿನಾ?"

"ದಿನಾ. ಯಾಕ?"

ಬಂಗಾರಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನೋಡಬೇ, ಇದು ಒಂದು ದೊಡ್ಡ ಮನಿತನ. ಧಾರವಾಡದ ಸ್ಟೇಷನ್ನಿಂದ ರೇಡಿಯೋಕ್ಕ ಹಾಡು ಬರ್ತೈತಲ್ಲ, ಅದು ಹೊಳಿ ನೀರಾಗ ಏಳ್ತೈತಲ್ಲ ಅಂಥಾ ಒಂದು ಅಲಿ. ಒಲಿ ಮುಂದ ಕುಂತ್ರ ಮಕಕ್ಕ ಬಡಿತೈತಲ್ಲ ಝಳ, ಅದೂ ಅಲಿ. ಕಣ್ಣಿಗಿ ಕಾಣೋ ಬೆಳಕೂ ಅದ. ಬಿಸಿಲಾಗ ಮೈ ಕರ್ರಗ ಮಾಡೋ ಕಾಣ್ದ ಬೆಳಕು ಐತಲ್ಲ, ಅದೂ ಅದ. ಈ ಎಕ್ಸ್‌ರೇನೂ ಅವ್ರ ತಮ್ಮ. ಎಲ್ಲಾ ಒಂದ ರಕ್ತ."

"ಹಂಗಾರ ಹಾಡು ಕೇಳಿದ್ರ ಕೈ ಯಾಕ ಕೆಡಂಗಿಲ್ಲ?"

"ಅಲ್ಲೇ ಐತಿ ನೋಡು. ರೇಡಿಯೋದ ಅಲಿ ಮಾರುಗಟ್ಲೆ ಉದ್ದ, ಮೈಯಾಗ ಹಾದ್ರೂ ಏನೂ ಮಾಡಂಗಿಲ್ಲ. ಅಲಿ ಗಿಡ್ಡ ಆದಂಗ ಆದಂಗ ಅದರ ಜೋರು ಹೆಚ್ಚು. ಇದು ಭಾಳ ಗಿಡ್ಡಂದು, ಕಣ್ಣಿಗಿ ಕಾಣಂಗಿಲ್ಲ, ಮೈಗೆ ಗೊತ್ತಾಗಂಗಿಲ್ಲ. ಒಳಗ ಹೊಕ್ಕು ಮಾಂಸದ ಕಣಾ ಕಣಾ ಒಡಿತೈತಿ. ಬರೀ ಎಲುಬು, ಸೀಸ, ಅಂಥಾವು ತಡಿತಾವು. ಅದಕ್ಕ ಆ ಏಪ್ರನ್."

"ಬಸರಿ ಹೆಂಗಸು ನಿಂತ್ರ?"

ಬಂಗಾರಪ್ಪ ಚಹಾದ ಲೋಟ ಕೆಳಗಿಟ್ಟ. "ಹೊಟ್ಟ್ಯಾಗಿನ ಕೂಸಿಗಿ ಅದು ದೊಡ್ಡೋರಿಗಿಂತ ಕೆಟ್ಟದ್ದು. ಖರೇ ಹೇಳ್ಬೇಕಂದ್ರ ಕೆಲ್ಸದೋರು ಹಿಡೀಬಾರ್ದು. ಕೂಸಿನ ಅಪ್ಪನೋ ಅವ್ವನೋ ಏಪ್ರನ್ ಹಾಕ್ಕಂಡು ಹಿಡೀಬೇಕು. ಅವ್ರು ಜನ್ಮಕ್ಕ ಒಂದ್ ಸಲ ಹಿಡಿತಾರ, ಏನಾಗಂಗಿಲ್ಲ. ನೀ ದಿನಕ್ಕ ಹತ್ತು ಸಲ ಹಿಡಿತಿ."

"ಇದನ್ನ ಡಾಕ್ಟರಿಗೆ ಹೇಳ್ರಿ ಮತ್ತ."

"ಅವ್ರಿಗೆ ಗೊತ್ತಿಲ್ದ ಇರ್ತೈತೇನು?" ಎಂದ ಬಂಗಾರಪ್ಪ. ಆಮೇಲೆ ಸ್ಕ್ರೂ ಬಿಗಿಮಾಡುತ್ತಾ, "ನಾ ಹೇಳಿದೆ ಅಂತ ಅನಬ್ಯಾಡ ಮಾರಾಯ್ತಿ, ನನ್ನ ಗಿರಾಕಿ ತಪ್ಪಿಸಬ್ಯಾಡ" ಎಂದ.

ಥೂ, ಇವನೂ ಅದೇ ಗುಂಪಿನವನೇ! ಸತ್ಯ ಹೇಳುವುದಕ್ಕೂ ಬಾಗಿಲು ನೋಡಿಕೊಂಡು ಹೇಳಬೇಕೇ?

ಆದರೆ ಹೋಗುವ ಮೊದಲು ಅವನು ಒಂದು ಉಪಾಯ ಹೇಳಿಕೊಟ್ಟ. ದುರುಗಮ್ಮನಿಗೆ ಅದು ಅರ್ಧ ಗೊತ್ತಿದ್ದದ್ದೇ. ಬೆಳಕು ಬಿದ್ದ ಫಿಲ್ಮು ತೊಳೆದಾಗ ಕಪ್ಪಾಗುತ್ತದೆ. ಕತ್ತಲೆ ಕೋಣೆಯ ಕೆಂಪು ದೀಪ ಅದಕ್ಕೆ ಏನೂ ಮಾಡದು, ಬಾಗಿಲ ಸಂದಿಯ ಒಂದು ಗೆರೆ ಬಿಳಿ ಬೆಳಕು ಬಿದ್ದರೂ ಕೆಟ್ಟಿತು. ಕಪ್ಪು ಕಾಗದದಲ್ಲಿ ಸುತ್ತಿಟ್ಟರೆ ಬಿಸಿಲೂ ಮುಟ್ಟದು. ಎಕ್ಸ್‌ರೇ ಒಂದೇ ಆ ಕಾಗದವನ್ನು ದಾಟುವುದು. ವರ್ಷಗಟ್ಟಲೆ ಫಿಲ್ಮು ತೊಳೆದವಳಿಗೆ ಇದನ್ನು ಯಾರೂ ಪಾಠ ಮಾಡಬೇಕಿರಲಿಲ್ಲ.

ಮರುದಿನ ಹಾಳಾದ ಒಂದು ಫಿಲ್ಮಿನ ಬೆಳಕು ಕಾಣದ ಅಂಚನ್ನು ಕೆಂಪು ದೀಪದಲ್ಲಿ ಕತ್ತರಿಸಿ ಎರಡು ತುಂಡು ಮಾಡಿದಳು. ಎರಡನ್ನೂ ಕಪ್ಪು ಕಾಗದದಲ್ಲಿ ಸುತ್ತಿ, ಮೇಲೊಂದೊಂದು ಸೇಫ್ಟಿ ಪಿನ್ನು ಅಂಟಿಸಿದಳು. ಎಕ್ಸ್‌ರೇ ಬಿದ್ದರೆ ಫಿಲ್ಮು ಕಪ್ಪಾಗಿ, ಪಿನ್ನು ತಡೆದ ಕಡೆ ಮಾತ್ರ ಬೆಳ್ಳಗೆ ಉಳಿಯಬೇಕು. ಒಂದನ್ನು ಇಟ್ಟಿಗೆ ಗೋಡೆಯ ಹಿಂದೆ, ಏಕಾಂತಪ್ಪ ನಿಲ್ಲುವ ಕಡೆ, ಕ್ಯಾಲೆಂಡರಿನ ಹಿಂಬದಿಗೆ ಸಿಕ್ಕಿಸಿದಳು. ಇನ್ನೊಂದನ್ನು ತನ್ನ ಬಲ ಮಣಿಕಟ್ಟಿನ ಮೇಲಿಟ್ಟು ಹುಣ್ಣಿನ ಬಟ್ಟೆಯಲ್ಲಿ ಸೇರಿಸಿ ಕಟ್ಟಿದಳು. ಕೂಸುಗಳನ್ನು ಹಿಡಿಯುವ ಕೆಲಸ ಇನ್ನೂ ಆಕೆಯದೇ ಇತ್ತು, ಕನಕಮ್ಮ ಬರುವುದು ಮುಂದಿನ ತಿಂಗಳಿಗೆ. ಹತ್ತು ದಿನ ಹಿಡಿದಳು.

ಹನ್ನೊಂದನೆಯ ದಿನ ಮಧ್ಯಾಹ್ನ, ಏಕಾಂತಪ್ಪ ಊಟಕ್ಕೆ ಹೋದಾಗ, ಎರಡನ್ನೂ ತೊಳೆದಳು. ಗೋಡೆಯ ಹಿಂದಿನ ತುಂಡು ಗಾಜಿನ ಹಾಗೆ ತಿಳಿಯಾಗಿ ಬಂತು. ಆಕೆಯ ಕೈ ಮೇಲಿನದು ಮಸಿಯಾಗಿತ್ತು. ನಡುವೆ ಸೇಫ್ಟಿ ಪಿನ್ನು ಮಾತ್ರ ಬೆಳ್ಳಗೆ, ಸುರುಳಿ ಸಮೇತ ಎದ್ದು ಕಾಣುತ್ತಿತ್ತು. ಹತ್ತೇ ದಿನಕ್ಕೆ ಇಷ್ಟು. ದುರುಗಮ್ಮ ಕತ್ತಲೆ ಕೋಣೆಯ ನೆಲದ ಮೇಲೆ ಕುಕ್ಕರಿಸಿ ಕೂತು, ಇಷ್ಟು ವರ್ಷ ತನ್ನ ಮೈಯೊಳಗೆ ಎಷ್ಟು ಹೊಕ್ಕಿದೆಯೋ ಎಂದು ಲೆಕ್ಕ ಹಾಕಿದಳು.

ಸಂಜೆ ಎರಡೂ ತುಂಡುಗಳನ್ನು ಮಗಳಿಗೆ ತೋರಿಸಿದಳು. ಕನಕಮ್ಮ ಬಿಸಿಲಿಗೆ ಹಿಡಿದು ನೋಡಿದಳು. ಮುಖ ಸಣ್ಣದಾಯಿತು. ಆದರೂ ಹದಿನೇಳರ ಹುಡುಗಿ, ಕ್ವಾರಿಯ ಧೂಳು ಕುಡಿದು ಸಾಕಾದವಳು.

"ಏಪ್ರನ್ ಹಾಕ್ಕಂಡ್ರ ಆತಿಲ್ಲೋ?" ಎಂದಳು. "ನೀ ಏಪ್ರನ್ ಕೊಡ್ಸು. ನಾ ಹೋಗ್ತೀನಿ."

ದುರುಗಮ್ಮ ಮರುದಿನ ಡಾಕ್ಟರ ಮೇಜಿನ ಮೇಲೆ ಎರಡು ತುಂಡುಗಳನ್ನೂ ಇಟ್ಟಳು. ಹೇಳಬೇಕಾದದ್ದನ್ನು ಬಿಡಿಸಿ ಹೇಳಿದಳು. ಗುರುಸಂಗಪ್ಪನವರು ಕಪ್ಪು ತುಂಡನ್ನು ಕಿಟಕಿಗೆ ಹಿಡಿದರು. ಪಿನ್ನು ಕಂಡಿತು. ಓದಿದ ಮನುಷ್ಯ, ನೋಡಿದ ಕೂಡಲೇ ಎಲ್ಲ ತಿಳಿಯಿತು. ಅದು ತಿಳಿದದ್ದು ಅವರ ಮುಖದಲ್ಲಿಯೇ ಕಂಡಿತು. ಒಂದು ಗಳಿಗೆ ದುರುಗಮ್ಮನಿಗೆ ಈ ಮನುಷ್ಯ ಈಗ ಎದ್ದು ನಿಂತು ತಪ್ಪಾಯಿತು ಎಂದಾನು ಎನಿಸಿತು.

"ಫಿಲ್ಮ್ ಯಾರನ್ನ ಕೇಳಿ ತಗಂಡಿ?" ಎಂದರು ಅವರು.

ದುರುಗಮ್ಮ ತಿಳಿ ತುಂಡನ್ನೂ ಅವರ ಮುಂದಕ್ಕೆ ಸರಿಸಿದಳು.

"ನನ್ನ ಮಗಳು ಬಸರಿ ಅದಾಳ್ರಿ" ಎಂದಳು. "ಆ ಏಪ್ರನ್ ಆಕಿಗೆ ಕೊಡ್ತೀನಿ ಅನ್ರಿ. ನಿಮಗ ಬೇಕಾದಾಗ ನೀವು, ಕೂಸು ಹಿಡಿಯೋವಾಗ ಆಕಿ."

ಡಾಕ್ಟರು ಗೂಟದ ಕಡೆ ನೋಡಿದರು, ಬಾಗಿಲಲ್ಲಿ ನಿಂತಿದ್ದ ಏಕಾಂತಪ್ಪನ ಕಡೆ ನೋಡಿದರು, ಕಾಗದಪತ್ರ ಸರಿಮಾಡಿದರು. "ನೋಡೋಣು. ಬರೋ ವರ್ಷ ಇನ್ನೊಂದು ತರಿಸೋಣು" ಎಂದರು.

ಹೊರಗೆ ಬಂದ ಮೇಲೆ ಏಕಾಂತಪ್ಪ ತನಗೆ ತುಂಬ ಬುದ್ಧಿಯಿದೆ ಎಂಬ ಧಾಟಿಯಲ್ಲಿ ಹೇಳಿದ. "ನಿನಗ ತಿಳಿಯಂಗಿಲ್ಲೇನು ದುರುಗೀ? ಅದು ನೀರಾಗ ತೊಳಿಯೋ ವಸ್ತು ಅಲ್ಲ, ತೊಳಿದ್ರ ಕೆಡ್ತೈತಿ. ನಿಮ್ಮೋರು ಮೈಮ್ಯಾಲೆ ಹಾಕ್ಕಂಡ ಮ್ಯಾಲೆ ನಾಳಿ ಸರ್ ಅದನ್ನ ಹೆಂಗ ಹಾಕ್ಕಂತಾರ?"

ಇದು! ಹನ್ನೊಂದು ವರ್ಷ ಭಾರ, ಬರುವ ವರ್ಷ ಎಂದೆಲ್ಲ ಸುತ್ತಿ ಬಳಸಿ ಮುಚ್ಚಿಟ್ಟಿದ್ದು ಇಷ್ಟು! ಹಳಸಿದ ಅನ್ನದ ಗಡಿಗೆಯ ಮುಚ್ಚಳ ತೆಗೆದಂತೆ ಆ ಮಾತಿನ ವಾಸನೆ ದುರುಗಮ್ಮನ ಮುಖಕ್ಕೆ ಹೊಡೆಯಿತು. ಊರ ಕೂಸುಗಳನ್ನೆಲ್ಲ ಹಿಡಿಯುವುದಕ್ಕೆ ಈ ಕೈ ಆಗುತ್ತದೆ. ಅವರ ಹೇಲು ಬಾಚುವುದಕ್ಕೆ ಆಗುತ್ತದೆ. ಒಂದು ರಬ್ಬರಿನ ತುಂಡಿಗೆ ಮಾತ್ರ ಈ ಮೈ ಆಗದು.

ಆಕೆ ಅಳಲಿಲ್ಲ, ಕೂಗಾಡಲೂ ಇಲ್ಲ. ಇವರನ್ನು ಹನ್ನೊಂದು ವರ್ಷ ನೋಡಿದ್ದವಳು. ಬೇಡಿದರೆ ಬಗ್ಗದ ಜನ ಯಾವುದಕ್ಕೆ ಬಗ್ಗುತ್ತಾರೆಂದು ಏಕಾಂತಪ್ಪನ ಬಾಯಿಂದಲೇ ಈಗ ಬಂದಿತ್ತು.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಪಡಸಾಲೆಯ ತುಂಬ ರೋಗಿಗಳು. ದುರುಗಮ್ಮ ನೇರ ಡಾಕ್ಟರ ಕೋಣೆಗೆ ಹೋಗಿ ಗೂಟದಿಂದ ಏಪ್ರನ್ ತೆಗೆದಳು, ತಲೆಯ ಮೇಲಿಂದ ಇಳಿಬಿಟ್ಟುಕೊಂಡಳು, ಹಿಂದೆ ದಾರ ಕಟ್ಟಿದಳು. ಹಾಗೆಯೇ ಪಡಸಾಲೆಗೆ ಬಂದು ಎಲ್ಲರೂ ನೋಡುವಂತೆ ನಡುಮಧ್ಯದಲ್ಲಿ ನಿಂತು, "ಯಾರ್ದ್ರಿ ಕೂಸು? ತರ್ರಿ ಒಳಗ" ಎಂದಳು. ಏಕಾಂತಪ್ಪನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಡಾಕ್ಟರು ಎದ್ದು ನಿಂತವರು ಮತ್ತೆ ಕೂತರು. ಅಷ್ಟು ಜನರ ಮುಂದೆ, ಅಸ್ಪೃಶ್ಯತೆ ಅಪರಾಧವೆಂದು ಕಾನೂನಾಗಿದ್ದ ಎಂಬತ್ತನಾಲ್ಕನೆಯ ಇಸವಿಯಲ್ಲಿ, ಯಾಕೆ ತೊಟ್ಟೆ ಎಂದು ಕೇಳುವ ಧೈರ್ಯ ಓದಿದವರಿಗೆ ಇರಲಿಲ್ಲ.

ಆವತ್ತಿನಿಂದ ಡಾಕ್ಟರು ಆ ಏಪ್ರನ್ ಮುಟ್ಟಲಿಲ್ಲ. ಪರದೆಯ ಪರೀಕ್ಷೆಗೆ ಬಂದವರನ್ನೆಲ್ಲ ಮುಂದಿನ ವಾರ ಬನ್ನಿ ಎಂದು ಕಳಿಸಿದರು. ಎಂಟನೆಯ ದಿನ ಹೊಸ ಏಪ್ರನ್ ಬಂತು. ಹನ್ನೊಂದು ವರ್ಷ ಒಬ್ಬಳ ಕೈ ಕೊಳೆಯುತ್ತಿದ್ದರೂ ಬಾರದ್ದು, ಒಂದು ಸಲ ಮೈಲಿಗೆಯಾದ ಕೂಡಲೇ ಎಂಟು ದಿನದಲ್ಲಿ ಬಂತು. ಹಳೆಯದನ್ನು ಏಕಾಂತಪ್ಪ ಕೋಲಿನಿಂದ ಎತ್ತಿ ಎಕ್ಸ್‌ರೇ ಕೋಣೆಯ ಮೂಲೆಗೆ ಎಸೆದು, "ತಗ, ನಿಮ್ಮವ್ವ ಮಗಳಿಗೇ ಇರ್ಲಿ" ಎಂದ.

ದುರುಗಮ್ಮ ಗೆದ್ದಳೆನ್ನಬೇಕು. ಗೆದ್ದ ಸಂತೋಷ ಮಾತ್ರ ಆಕೆಗೆ ಹತ್ತಿರ ಸುಳಿಯಲಿಲ್ಲ. ತನ್ನ ಮೈಯನ್ನೇ ಹೊಲಸು ಮಾಡಿ ತೋರಿಸಿ ಪಡೆದದ್ದು ಅದು. ಅದನ್ನು ನೆನೆದಾಗಲೆಲ್ಲ ಬಾಯಿಯಲ್ಲಿ ಕಹಿ ಬರುತ್ತಿತ್ತು.

ಮುಂದಿನ ಸೋಮವಾರ ಕನಕಮ್ಮ ಕೆಲಸಕ್ಕೆ ಬಂದಳು. ತಲೆಗೆ ಎಣ್ಣೆ ಹಚ್ಚಿ, ಮದುವೆಯ ಸೀರೆ ಉಟ್ಟು ಬಂದಿದ್ದಳು. ಮೊದಲ ಗಿರಾಕಿ ಕೊಟ್ಟೂರಿನ ಶೇಂಗಾ ವ್ಯಾಪಾರಿ ಕೊಟ್ರಬಸಪ್ಪ. ಕಟ್ಟೆಯಿಂದ ಬಿದ್ದು ಮುಂಗೈ ಬಾತಿದ್ದ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದ. ಕೂಸು ಅಳುತ್ತ ಅಳುತ್ತ ದನಿ ಬಿದ್ದುಹೋಗಿತ್ತು. ಕನಕಮ್ಮ ಏಪ್ರನ್ ತೊಟ್ಟಳು. ಅದು ಎದೆಯಿಂದ ಮೊಣಕಾಲಿನವರೆಗೆ ಬಂತು, ಹೊಟ್ಟೆ ಪೂರ್ತಿ ಮುಚ್ಚಿತು. ಅವ್ವನ ಕಡೆ ತಿರುಗಿ ನಕ್ಕಳು. ಕೂಸಿನ ಮುಂಗೈಯನ್ನು ಯಂತ್ರದ ಮೂತಿಯ ಕೆಳಗೆ ಒತ್ತಿ ಹಿಡಿದಳು.

ಬಾಗಿಲಲ್ಲಿ ನಿಂತಿದ್ದ ದುರುಗಮ್ಮನಿಗೆ ಆಗ ಕಂಡಿತು. ಏಪ್ರನ್ನಿನ ಎರಡೂ ಬದಿಯಿಂದ ಮಗಳ ಕೈಗಳು ಹೊರಗೆ ಚಾಚಿಕೊಂಡಿದ್ದವು. ಹತ್ತೂ ಬೆರಳು ಮೂತಿಯ ನೇರಕ್ಕೆ, ಬರಿದಾಗಿ.

"ನಿಂದ್ರು!" ಎಂದು ಚೀರಿದಳು. ಗೋಡೆಯ ಹಿಂದೆ ಏಕಾಂತಪ್ಪನ ಬೆರಳು ಗುಂಡಿಯ ಮೇಲೆಯೇ ನಿಂತಿತು.

ದುರುಗಮ್ಮ ಒಳಗೆ ನುಗ್ಗಿ ಮಗಳ ಮೈಮೇಲಿಂದ ಏಪ್ರನ್ ಬಿಚ್ಚಿ ಕೊಟ್ರಬಸಪ್ಪನ ಮುಂದೆ ಹಿಡಿದಳು.

"ಸಾವ್ಕಾರ್ರ, ನಿಮ್ಮ ಕೂಸು ನೀವ ಹಿಡೀರಿ. ಇದನ್ನ ಹಾಕ್ಕಳ್ರಿ. ಒಂದ್ ಸಲ ಹಿಡಿದ್ರ ಏನೂ ಆಗಂಗಿಲ್ಲ. ದಿನಾ ಹಿಡಿದ್ರ ಹಿಂಗ ಆಕ್ಕೈತಿ, ನೋಡ್ರಿ" ಎಂದು ಬಟ್ಟೆ ಸರಿಸಿ ಬಲಗೈ ಚಾಚಿದಳು.

ಕೊಟ್ರಬಸಪ್ಪ ಆ ಕೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಒಮ್ಮೆ ಏಪ್ರನ್ ನೋಡಿದ, ಒಮ್ಮೆ ಕನಕಮ್ಮನನ್ನು ನೋಡಿದ. ಅವನ ಮಗಳು ಮೇಜಿನ ಮೇಲೆ ಬಿಕ್ಕುತ್ತಿತ್ತು.

"ಇದನ್ನ ಈಗ ಆ ಹುಡುಗಿ ಹಾಕ್ಕಂಡಿದ್ಲಲ್ಲ?" ಎಂದ. "ಒಲ್ಲೆ. ಹಂಗೇ ಹಿಡಿತೀನಿ ನಾನು."

"ಸಾವ್ಕಾರ್ರ, ಇದು ಮೈ ಸುಡೋ ಕಿರಣರಿ—"

"ಗೊತ್ತೈತಿ, ಸರಿ ಆಚಿ" ಎಂದು ಗದರಿ, ಏಪ್ರನ್ನಿಗೆ ತನ್ನ ಧೋತರದ ಚುಂಗು ತಾಗದಂತೆ ಬಳಸಿ ಹೋಗಿ, ಬರೀ ಮೈಯಲ್ಲಿ ಮಗಳ ಕೈ ಹಿಡಿದು ನಿಂತ. ಏಕಾಂತಪ್ಪ ಗುಂಡಿ ಒತ್ತಿದ.

ದುರುಗಮ್ಮ ಏಪ್ರನ್ ಹಿಡಿದುಕೊಂಡೇ ನಿಂತಿದ್ದಳು. ಸಿಟ್ಟು ಬರಲಿಲ್ಲ ಆಕೆಗೆ. ಹೇಸಿಗೆ ಬಂತು. ಹುಳ ಬಿದ್ದ ಹುಣ್ಣನ್ನೂ ಬರಿಗೈಯಲ್ಲಿ ತೊಳೆದಿದ್ದವಳಿಗೆ, ಇಸ್ತ್ರಿ ಮಾಡಿದ ಧೋತರದ ಆ ಮನುಷ್ಯನ ಕಡೆ ನೋಡಲಾಗಲಿಲ್ಲ.

ಕನಕಮ್ಮ ಅವ್ವನ ಕೈಯಿಂದ ಏಪ್ರನ್ ತೆಗೆದುಕೊಂಡು ಮೇಜಿನ ಮೇಲೆ ಇಟ್ಟಳು. ಅಂಗಳಕ್ಕೆ ಬಂದಳು. ನಲ್ಲಿ ತಿರುಗಿಸಿ, ಆ ಕೂಸನ್ನು ಹಿಡಿದಿದ್ದ ಎರಡೂ ಕೈಗಳನ್ನು ಮೊಣಕೈಯವರೆಗೆ ಉಜ್ಜಿ ಉಜ್ಜಿ ತೊಳೆದಳು.

"ನಡಿಯಬೇ" ಎಂದಳು. "ಕ್ವಾರಿಗೆ ಹೊತ್ತಾತು."